ಎತ್ತಿದ ಕೈ

ಗೋಡೆಯ ಮೇಲಿದ್ದ ಫುಟ್‌ಬಾಲ್ ಟೀಮಿನ ಫೋಟೋ ನೋಡಿ, ಅದರಲ್ಲಿನ ಆಟಗಾರರ ಹಾಗೆಯೇ ಗುಮಾಸ್ತ ಲೋಕಯ್ಯ ಬಲಗೈ ಚಾಚಿ ಎತ್ತಿದ. ಡಚ್ ಮೇನೇಜರ್ ಹೂಫ್ಟ್ ಕುರ್ಚಿಯಿಂದ ಎದ್ದು ಬಂದು ಆ ಕೈಯನ್ನು ಹಿಡಿದು ಕೆಳಗಿಳಿಸಿದ.

ಜರ್ಮನರು ಬಾಂಬು ಹಾಕಿ ರಾಟರ್‌ಡ್ಯಾಮನ್ನು ಸುಟ್ಟ ಸುದ್ದಿ ಅಂದು ಬೆಳಿಗ್ಗೆಯಷ್ಟೇ ಬಂದರಿನ ಈ ಕಾಫಿ ಗೋದಾಮಿಗೆ ಮುಟ್ಟಿತ್ತು. ಹೂಫ್ಟ್ ಹುಟ್ಟಿದ್ದೂ, ಫುಟ್‌ಬಾಲ್ ಆಡಿ ಹೆಸರು ಮಾಡಿದ್ದೂ ಆ ಊರಿನಲ್ಲೇ. ಕೆಲಸ ಬಿಟ್ಟು ಕುಳಿತ ದೊರೆಗೆ ಒಳ್ಳೆಯ ದಿನಗಳನ್ನು ನೆನಪಿಸಬೇಕೆಂದು ಲೋಕಯ್ಯ ಹಾಗೆ ಮಾಡಿದ್ದ.

“ಎಂತ ಆಯ್ತು ದೊರೆ? ಮ್ಯಾಚಿಗೆ ಮೊದಲು ನೀವು ಜನರಿಗೆ ಕೈ ಬೀಸಿದ್ದಲ್ವಾ ಇದು?”

“ಅಲ್ಲ. ಜರ್ಮನಿಯಲ್ಲಿ ಆಡಿದ ಮ್ಯಾಚು ಅದು. ಹಿಟ್ಲರನ ಬಾವುಟಕ್ಕೆ ಸಲಾಮು.”

ಲೋಕಯ್ಯ ಫೋಟೋದ ಹತ್ತಿರ ಹೋಗಿ ನೋಡಿದ. “ಎಲ್ಲರೂ ಎತ್ತಿದ್ದಾರಲ್ಲ. ನೀವೊಬ್ಬರು ಎಂತ ಮಾಡ್ಲಿಕ್ಕುಂಟು?”

ತುದಿಯಲ್ಲಿ ನಿಂತಿದ್ದ ಗೋಲ್‌ಕೀಪರನ ಮುಖದ ಮೇಲೆ ಹೂಫ್ಟ್ ಬೆರಳಿಟ್ಟ. “ಇವನು ಎತ್ತುವುದಿಲ್ಲ ಅಂತ ಹಟ ಹಿಡಿದಿದ್ದ. ಕ್ಯಾಪ್ಟನ್ ನಾನು. ಗದರಿಸಿ ಎತ್ತಿಸಿದೆ.”

“ಅವರು ಈಗ ಎಲ್ಲಿದ್ದಾರೆ?”

“ರಾಟರ್‌ಡ್ಯಾಮಿನಲ್ಲೇ,” ಎಂದ ಹೂಫ್ಟ್. “ಅವನ ಹೆಂಡತಿ, ಮಕ್ಕಳು ಎಲ್ಲ ಅಲ್ಲೇ.”