ಮೂರು ಕಂಪನಿ, ಒಂದು ಹುಬ್ಬು

ಫಿಲಿಪೀನ್ಸಿನ ದಾವಾವೊದಲ್ಲಿ ಮೆಡಿಕಲ್ ಓದುತ್ತಿದ್ದ ಹಾವೇರಿಯ ಶಿವಲೀಲಾಗೆ ಸೋಮವಾರ ಆನ್‌ಲೈನ್ ಪರೀಕ್ಷೆ. ಮನೆಗೆ ಫೈಬರ್ ಇಂಟರ್ನೆಟ್ ಕಂಪನಿ ಆರಿಸುವ ಕೆಲಸವನ್ನು ಮನೆಯೊಡತಿ ಲೋರ್ನಾ ಅವಳಿಗೇ ಬಿಟ್ಟಿದ್ದಳು. ಮೊದಲು ಅಗ್ಗದ ಕಂಪನಿಯವನು ಬಂದ.

"ಭಾನುವಾರದೊಳಗೆ ಹಾಕಿಕೊಡ್ತೀರಾ?"

ಅವನು ಹುಬ್ಬು ಹಾರಿಸಿದ. ಏನಂದೆ ಅಂತ ಕೇಳಿದ ಹಾಗಿತ್ತು. ಇನ್ನೊಮ್ಮೆ ಕೇಳಿದಳು. ಇನ್ನೊಮ್ಮೆ ಹುಬ್ಬು. ಇವನ ಪೊಗರು ಯಾರಿಗೆ ಬೇಕೆಂದು ಸಾಗಹಾಕಿದಳು. ವೇಗಕ್ಕೆ ಹೆಸರಾದ ಕಂಪನಿಯವನೂ ಅದೇ ಹುಬ್ಬು ಹಾರಿಸಿ ಅದೇ ದಾರಿ ಹಿಡಿದ. ಪಕ್ಕದ ಮನೆಯವರು ಹೊಗಳಿದ್ದ ಮೂರನೆಯವನು ಏಣಿ ಸಮೇತ ಬಂದು ಹುಬ್ಬು ಹಾರಿಸುವ ಹೊತ್ತಿಗೆ ಲೋರ್ನಾ ತಿಂಡಿಯ ತಟ್ಟೆ ಹಿಡಿದು ಹೊರಬಂದಳು.

"ನೋಡಿ ಆಂಟಿ, ಇವನೂ ಉತ್ತರ ಕೊಡ್ತಿಲ್ಲ."

"ಕೊಟ್ಟನಲ್ಲೇ. ನಮ್ಮಲ್ಲಿ ಹುಬ್ಬು ಹಾರಿಸಿದರೆ ಹೂಂ ಅಂತ ಅರ್ಥ," ಎಂದು ನಕ್ಕ ಲೋರ್ನಾ, ಕರಿದ ಬಾಳೆಹಣ್ಣೊಂದನ್ನು ಅವಳ ಬಾಯಿಗೆ ತುರುಕಿ ಒಳಹೋದಳು.

ಅವನು ಏಣಿಯನ್ನು ಗೋಡೆಗೆ ಒರಗಿಸಿದ. "ಹಾಗಾದರೆ ಈಗಲೇ ಹಾಕಲಾ, ಮೇಡಂ?"

ಬಾಯಿ ತುಂಬಿದ್ದ ಶಿವಲೀಲಾ, ಹಾವೇರಿಯಲ್ಲಿ ಎಲ್ಲರೂ ಹೂಂ ಅನ್ನುವ ಹಾಗೆ, ತಲೆಯನ್ನು ಆ ಕಡೆ ಈ ಕಡೆ ಚೆನ್ನಾಗಿ ಆಡಿಸಿದಳು.

ಅವನು ನಿಟ್ಟುಸಿರಿಟ್ಟು ಏಣಿ ಎತ್ತಿಕೊಂಡು ಹೊರಟ.