ಇಲ್ಲದ ಸ್ಟ್ಯಾಂಡು

"ರೀ, ಸ್ಟ್ಯಾಂಡು! ಸ್ಟ್ಯಾಂಡ್ ಎತ್ತಿಲ್ಲ ನೀವು!"

ಹೆಂಡತಿ ಅಂಬುಜಾಳ ಕೂಗು ಕಿವಿಗೆ ಬಿದ್ದದ್ದೇ ತಡ, ಜನಾರ್ದನರು ಬೆಚ್ಚಿ ಎಡಗಾಲನ್ನು ಹಿಂದಕ್ಕೆ ಝಾಡಿಸಿದರು. ಕಾಲಿಗೆ ಸಿಕ್ಕಿದ್ದು ಬೆಟ್ಟದೂರು ಅತ್ತಿಗುಂಡಿಯ ಗಾಳಿ ಮಾತ್ರ. ಸಿಂಹಾಸನದಂಥ ಸೀಟಿನ ಈ ಮೂರು ಚಕ್ರದ ಬೈಕಿಗೆ ಸ್ಟ್ಯಾಂಡ್ ಎಲ್ಲಿಂದ ಬರಬೇಕು? ಹೋದ ವರ್ಷ ಹಳೇ ಬೈಕಿನ ಸ್ಟ್ಯಾಂಡ್ ಎತ್ತಲು ಮರೆತು, ತಿರುವಿನಲ್ಲಿ ಬಿದ್ದು ಅದೇ ಕಾಲು ಮುರಿದುಕೊಂಡಿದ್ದರು. ಮೂಳೆ ಕೂಡಿದರೂ ಹೆದರಿಕೆಗೆ ಆ ಕಾಲು ಮೇಲೇಳುತ್ತಿರಲಿಲ್ಲ. ಊರೂರು ಸುತ್ತುವ ಹುಚ್ಚು ಬಿಡದೆ ಇದನ್ನು ಕೊಂಡಿದ್ದರು.

ಹಿಂದಿನ ಸೀಟಿನಲ್ಲಿದ್ದ ಅಂಬುಜಾ ತುಟಿಯನ್ನೇ ಬಿಚ್ಚಿರಲಿಲ್ಲ. ಕೂಗಿದ್ದು ಗ್ಯಾರೇಜಿನ ಬಾಗಿಲಲ್ಲಿದ್ದ ಮೆಕ್ಯಾನಿಕ್ ಫಯಾಜ್, ಥೇಟ್ ಅವಳದೇ ದನಿಯಲ್ಲಿ. ಸುತ್ತ ನಿಂತಿದ್ದವರೆಲ್ಲ ಗೊಳ್ಳೆಂದು ನಕ್ಕರು.

"ನಗೋದಿರ್ಲಿ, ಅವರ ಕಾಲು ನೋಡಿ!" ಎಂದಳು ಅಂಬುಜಾ. ವರ್ಷದಿಂದ ಮೇಲೇಳದಿದ್ದ ಎಡಗಾಲು ಇನ್ನೂ ಗಾಳಿಯಲ್ಲೇ ಇತ್ತು.

"ಇನ್ನೊಂದ್ಸಲ ಕೂಗೋ ಮಾರಾಯ!" ಎಂದ ಜನಾರ್ದನರ ನಗು ಎಲ್ಲರದಕ್ಕಿಂತ ಜೋರಾಗಿತ್ತು.