ಮೊದಲು ನಕಲಿನಲ್ಲಿ

ನೆಂಟರೆಲ್ಲ ಹೊರಟುಹೋದ ಮರುದಿನ ಬೆಳಿಗ್ಗೆ, ಹಾಲಿನವನ ಹಿಂದೆಯೇ ಡೇಟಾಬೇಸ್ ಕಚೇರಿಯ ತಿಪ್ಪೇಸ್ವಾಮಿ ಬಂದರು.

ನಮ್ಮೂರನ್ನು ನಾವೆಲ್ಲ ಸೇರಿ ಡೇಟಾಬೇಸಿನಲ್ಲೇ ತಿದ್ದುತ್ತೇವೆ. ಅಲ್ಲಿ ಅಳಿಸಿದ್ದು ಊರಿನಲ್ಲೂ ಇರುವುದಿಲ್ಲ, ಜನರ ನೆನಪಿನಲ್ಲೂ ಇರುವುದಿಲ್ಲ. ಆದ್ದರಿಂದ ಯಾವ ಬದಲಾವಣೆಯನ್ನೂ ಮೊದಲು ನಕಲು ಊರಿನಲ್ಲಿ ಮಾಡಿ ನೋಡುತ್ತಾರೆ. ಅಲ್ಲೂ ನಾವೇ ಇದ್ದೇವೆ. ನನ್ನ ಗಂಡ ಚಿದಂಬರನ ಹೃದಯ ಮಾತ್ರ ಪರೀಕ್ಷೆಯಿಲ್ಲದೆ ನೇರವಾಗಿ ಇಲ್ಲೇ ನಿಂತಿತ್ತು. ಕಚೇರಿಗೆ ಅದೊಂದು ಬೇಸರ.

“ನಿಮ್ಮನೆ ‘ಯಜಮಾನ’ ಕಾಲಂ ತೆಗೀಬೇಕಲ್ಲಮ್ಮ, ಮೊದ್ಲು ನಕಲಲ್ಲಿ ತೆಗೀತೀವಿ. ಹೋದ್ಸಲ ಒಂದ್ಕಡೆ ತೆಗೆದಾಗ ಬೀದಿಯ ಮನೆ ಓನರ್‌ಗಳೆಲ್ಲ ಮಾಯ ಆಗ್ಬಿಟ್ರು.”

“ಬಾಡಿಗೆಯವರು ದೂರು ಕೊಟ್ರಾ?”

“ಪಾಯಸ ಮಾಡಿದ್ರು.”

“ಅಲ್ಲಿ ಚಿದಂಬರ ಇನ್ನೂ ಇದಾರಾ?”

“ಇದಾರಲ್ಲ! ಈಗಷ್ಟೇ ನಿಮ್ಜೊತೆ ಕಾಫಿಗೆ ಕೂತಿದ್ರು. ಅವರನ್ನ ತೆಗೆದು ಒಂದು ವಾರ ಅಲ್ಲಿರೋ ನಿಮ್ಮನ್ನ ನೋಡ್ತೀವಿ. ನೀವು ಕುಸೀದಿದ್ರೆ ಪಾಸು.”

“ಕುಸಿದ್ರೆ?”

“ನಕಲು ಇರೋದೇ ಅದಕ್ಕಲ್ವೇನಮ್ಮ?”

ಎಂಥ ಕಾಳಜಿ!

“ಪರೀಕ್ಷೆ ಇಲ್ದೆ ಆಗಲ್ವಾ?”

“ಅವರ ಹೆಸರಲ್ಲಿ ಬೇರೆಯವರ ಸಾಮಾನು ಇಲ್ದಿದ್ರೆ ಇಲ್ಲೇ ನೇರ ಅಳಿಸಬಹುದಿತ್ತು. ನಿಮ್ಮೆಜಮಾನ್ರು ಎದುರುಮನೆ ಜಬೀನಾ ಅವರ ಏಣಿ ತಗೊಂಡಿದಾರಲ್ಲ.”

ಏಣಿ ಹಿಂದಿರುಗಿಸಿದ ಕ್ಷಣವೇ ಹೆಸರು ತಾನಾಗಿ ಅಳಿಸಿ, ಊರು ಅವನನ್ನು ಮರೆಯುತ್ತದೆ. ಹೆಂಡತಿಯ ನೆನಪನ್ನು ಮಾತ್ರ ಮುಟ್ಟುವುದಿಲ್ಲವಂತೆ, ದೊಡ್ಡ ಮನಸ್ಸು. ಏಣಿ ಕೊಡದೆ ಬಿಟ್ಟರೆ, ನಕಲು ಊರಿನಲ್ಲಿ ಇನ್ನೊಬ್ಬಳೂ ನನ್ನಂತೆ ಗಂಡನನ್ನು ಕಳೆದುಕೊಳ್ಳುತ್ತಾಳೆ.

ಏಣಿ ಹೊತ್ತು ರಸ್ತೆ ದಾಟಿದೆ. ಜಬೀನಾ ಆಂಟಿ ಸೆರಗಿನಿಂದ ಕಣ್ಣೊರೆಸಿಕೊಂಡರು. “ಚಿದಂಬರ ತಗೊಂಡಿದ್ದು. ಇಟ್ಕೋಮ್ಮ, ಏನವಸರ?”

ಗೋಡೆಗೆ ಒರಗಿಸಿ ಕೈ ಬಿಟ್ಟೆ.

ಆಂಟಿ ಒದ್ದೆ ಸೆರಗನ್ನು ನೋಡಿಕೊಂಡು, ಏಣಿಯನ್ನು ಮುಟ್ಟಿ ಕೇಳಿದರು: “ಇದನ್ನ ಯಾರಮ್ಮ ತಗೊಂಡ್ಹೋಗಿದ್ರು?”